ಹಿಪ್ಪುನೇರಳೆ ತೋಟದ ಪಕ್ಕದ ಚಿಮಣಿ

ಹುಣಸೆಕೊಪ್ಪಲು,
ಮಳವಳ್ಳಿ ತಾಲ್ಲೂಕು
೨೩ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟ ನೋವು ಇಳಿಯಿತಾ? ವಿಮಾನದಲ್ಲಿ ಕೂತು ಕೂತು ನಿನಗೆ ಬಗ್ಗಲು ಆಗುತ್ತಿಲ್ಲ ಎಂದು ಶೋಭಿತಾ ಅತ್ತಿಗೆ ಹೋದ ದೀಪಾವಳಿಯಲ್ಲಿ ಹೇಳಿದ್ದರು. ಹೈದರಾಬಾದಿನ ಡಾಕ್ಟರು ಏನು ಕೊಟ್ಟರೂ ಕೊಡಲಿ, ಹರಳೆಣ್ಣೆ ಬಿಸಿ ಮಾಡಿ ಹಚ್ಚಿಸಿಕೊಂಡು ಮೇಲೆ ಸುಡುಸುಡು ನೀರು ಹಾಕಿಸಿಕೋ. ಗಗನಳಿಗೆ ಹಲ್ಲಿಗೆ ತಂತಿ ಕಟ್ಟಿಸಿದ್ದೀರಂತೆ. ಮಗು ಊಟ ಮಾಡುವುದಕ್ಕೆ ಕಷ್ಟಪಡುತ್ತಿದೆಯೋ ಏನೋ, ಅವಳಿಗೆ ಮೆತ್ತಗೆ ಬೇಯಿಸಿ ಹಾಕಲು ಅತ್ತಿಗೆಗೆ ಹೇಳು. ಇಲ್ಲಿ ನಾವೆಲ್ಲ ಇದ್ದೇವೆ. ಅಮ್ಮನಿಗೆ ಮಂಡಿ ನೋವು ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ನನ್ನ ಮಗಳು ನಯನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಿದ್ದಾಳೆ, ಬಾಗಿಲು ಹಾಕಿಕೊಂಡು ಓದುತ್ತಾಳೆ. ಹಸು ಕರು ಹಾಕಿತು, ಹೆಣ್ಣು ಕರು. ಅದು ನಿನಗೆ ಬೇಕಾದ ಸುದ್ದಿ ಅಲ್ಲ ಅಂತ ಗೊತ್ತು, ಆದರೂ ಬರೆದೆ.

ಈ ಕಾಲದಲ್ಲಿ ಕಾಗದ ಬರೆಯುತ್ತಿದ್ದಾಳಲ್ಲ ಇವಳು ಎಂದು ನಗಬೇಡ. ಡಿಸೆಂಬರಿನಿಂದ ನೀನು ನನ್ನ ಫೋನು ಎತ್ತಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆಲ್ಲ ನೀಲಿ ಗೀಟು ಬೀಳುತ್ತದೆ, ಉತ್ತರ ಬರುವುದಿಲ್ಲ. ಒಂದು ಸಲ ಮಾತ್ರ ಕೈ ಮುಗಿದ ಚಿತ್ರ ಕಳಿಸಿದ್ದೆ. ಸತ್ತ ರೇಷ್ಮೆಹುಳದ ಫೋಟೋಕ್ಕೆ ಕೈ ಮುಗಿದವನು ನನಗೆ ತಿಳಿದಂತೆ ನೀನೊಬ್ಬನೇ. ಕಾಗದವಾದರೆ ಹರಿದುಹಾಕಬೇಕಾದರೂ ಒಮ್ಮೆ ಕೈಯಲ್ಲಿ ಹಿಡಿಯಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಂಗನವಾಡಿ ಟೀಚರ್ ಬರೆಯುವ ಕನ್ನಡ, ದೊಡ್ಡ ದೊಡ್ಡ ವರದಿ ಬರೆಯುವ ನಿನಗೆ ಒರಟಾಗಿ ಕಂಡರೆ ತಡೆದುಕೋ.

ಹುಣಸೆಕೊಪ್ಪಲಿನ ಕಸದ ಕರೆಂಟಿನ ಫ್ಯಾಕ್ಟರಿಗಾಗಿ ನೀನು ಮೊದಲ ಸಲ ಊರಿಗೆ ಬಂದ ದಿನ ಈಗಲೂ ನನ್ನ ಕಣ್ಣಲ್ಲಿದೆ. ಸರ್ಕಾರದವರು ಜನರ ಅಹವಾಲು ಕೇಳುವ ಸಭೆ ಅಂತ ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿಸಿದ್ದರು. ಕಂಪನಿಯ ಕಡೆಯಿಂದ ಪರಿಸರದ ಎಂಜಿನಿಯರ್ ಬರುತ್ತಾರೆ ಎಂದರು. ನೋಡಿದರೆ ಕಾರಿನಿಂದ ಇಳಿದವನು ನೀನು. ಬಿಳಿ ಅಂಗಿ, ಕುತ್ತಿಗೆಗೆ ನೇತುಹಾಕಿದ ಕಾರ್ಡು. ನಮ್ಮ ಕೇರಿಯ ಹೆಂಗಸರು ನಿಂತಿದ್ದವರು ಹಾಗೇ ನಿಂತುಬಿಟ್ಟರು. ದೊಡ್ಡಸಿದ್ದಯ್ಯನ ಮಗ, ಹುಳದ ತಟ್ಟೆಗಳ ಸಂದಿಯಲ್ಲಿ ಮಲಗಿ ಓದಿದ ಹುಡುಗ, ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕೂತ. ಅಮ್ಮ ಮುಂದಿನ ಸಾಲಿಗೆ ಹೋಗಿ ನೆಲದ ಮೇಲೆ ಕೂತಳು. ಕುರ್ಚಿ ಕೊಟ್ಟರೂ ಬೇಡ ಎಂದಳು, ಕೆಳಗಿನಿಂದ ನೀನು ಇನ್ನೂ ಎತ್ತರವಾಗಿ ಕಾಣುತ್ತೀಯ ಅಂತ. ನಿನ್ನಂಥವನನ್ನೇ ಹುಡುಕಿ ಕಳಿಸಿದ ಕಂಪನಿಯವರ ಬುದ್ಧಿಗೆ ಏನು ಹೇಳಲಿ! ಬೇರೆ ಯಾರು ಬಂದಿದ್ದರೂ ನಾವು ನಾಲ್ಕು ಪ್ರಶ್ನೆ ಕೇಳುತ್ತಿದ್ದೆವು.

ನೀನು ಕನ್ನಡದಲ್ಲಿ ಎಷ್ಟು ಚೆನ್ನಾಗಿ ಮಾತಾಡಿದೆ! ಕಬ್ಬು ಕಡಿದ ಮೇಲೆ ಉಳಿಯುವ ತರಗು, ಭತ್ತದ ಹುಲ್ಲು, ತೆಂಗಿನ ಗರಿ, ಮಟ್ಟೆ, ಗದ್ದೆಯಲ್ಲಿ ಸುಮ್ಮನೆ ಸುಟ್ಟುಹೋಗುವುದನ್ನೆಲ್ಲ ಕಂಪನಿ ಕೊಂಡುಕೊಳ್ಳುತ್ತದೆ, ಕುಲುಮೆಯಲ್ಲಿ ಸುಟ್ಟು ನೀರು ಕಾಯಿಸಿ ಹಬೆಯಿಂದ ಕರೆಂಟು ಮಾಡುತ್ತದೆ ಎಂದೆ. ಜೊತೆಗೆ ಪಟ್ಟಣದ ಒಣ ಕಸ ‘ಸ್ವಲ್ಪ’ ಬರುತ್ತದೆ, ವಿಂಗಡಿಸಿದ್ದು ಮಾತ್ರ ಎಂದೆ. ಹೊಗೆಯನ್ನು ದೊಡ್ಡ ದೊಡ್ಡ ಬಟ್ಟೆಚೀಲಗಳಲ್ಲಿ ಕಾಫಿ ಸೋಸಿದ ಹಾಗೆ ಸೋಸಿ ಬಿಡುತ್ತಾರೆ ಎಂದೆ. ಗಾಳಿ ಇಲ್ಲಿ ಪಡುವಲಿಂದ ಬೀಸುವುದರಿಂದ ಹೊಗೆ ಕೇರಿಯ ಕಡೆ ತಿರುಗುವುದೇ ಇಲ್ಲ ಎಂದೆ. ಮುಂಗಾರು ಗಾಳಿ ಪಡುವಲಿಂದ ಬೀಸುತ್ತದೆ, ನಿಜ. ಕಾರ್ತಿಕ ಕಳೆದ ಮೇಲೆ ಮೂಡಲಿಂದ ಬೀಸುವ ಗಾಳಿ ಎಲ್ಲಿ ಹೋಯಿತಣ್ಣ? ಚಳಿಗಾಲದಲ್ಲಿ ಅದೇ ಗಾಳಿಗೆ ಬೆನ್ನು ಕೊಟ್ಟು ನಾಲೆಯ ಏರಿ ಮೇಲೆ ಸ್ಕೂಲಿಗೆ ನಡೆದವನು ನೀನು. ಹಾಸ್ಟೆಲಿನ ಅನ್ನ ತಿಂದು ಊರಿನ ಗಾಳಿಯೂ ಮರೆತುಹೋಯಿತೇನೋ.

ಫ್ಯಾಕ್ಟರಿಯ ಜಾಗದ ಮಾತು ಬಂದಾಗ ನೀನು ಲೋಟ ಎತ್ತಿ ನೀರು ಕುಡಿದೆ. ಮೊದಲು ನೋಡಿದ್ದು ಮೇಲಿನ ಬೀದಿಯವರ ತೆಂಗಿನ ತೋಟದ ಆಚೆಯ ಜಾಗ. ಅವರು ದೇವಸ್ಥಾನದ ದಾರಿ, ಮೈಲಿಗೆ, ಆಗುವುದಿಲ್ಲ ಎಂದರು. ಒಂದೇ ದಿನದಲ್ಲಿ ಜಾಗ ಬದಲಾಯಿತು. ನಮ್ಮ ಕೇರಿಯ ಹಿಂದಿನ ಗೋಮಾಳಕ್ಕೆ ಬಂತು. ಅಲ್ಲಿ ಮೈಲಿಗೆಯ ಮಾತೇ ಏಳಲಿಲ್ಲ. ‘ನಿಮ್ಮ ಕೇರಿ ಹುಡುಗನೇ ಮುಂದೆ ನಿಂತವ್ನೆ, ನಿಮಗೇನು ಭಯ’ ಎಂದು ಪಂಚಾಯ್ತಿಯವರು ನಮಗೇ ಸಮಾಧಾನ ಹೇಳಿದರು. ನಿನ್ನನ್ನು ತೋರಿಸಿ ನಮ್ಮ ಬಾಯಿ ಮುಚ್ಚಿಸಿದರು, ನೀನೂ ತೋರಿಸಿಕೊಂಡೆ.

ಆಮೇಲೆ ಸಾಹೇಬರ ಕಡೆ ತಿರುಗಿ ಇಂಗ್ಲಿಷಿನಲ್ಲಿ ತುಂಬ ಹೊತ್ತು ಮಾತಾಡಿದೆ. ಅಮ್ಮ ಚಪ್ಪಾಳೆ ತಟ್ಟಿದಳು, ಅವಳನ್ನು ನೋಡಿ ಪಕ್ಕದ ಮನೆಯ ಬೆಟ್ಟಮ್ಮ ತಟ್ಟಿದಳು, ಕೇರಿಯೆಲ್ಲ ತಟ್ಟಿತು. ಏನು ಹೇಳಿದ ಎಂದು ಯಾರಿಗೂ ತಿಳಿಯಲಿಲ್ಲ. ಹೇಳಿದವನು ನಮ್ಮವನು, ಅಷ್ಟಕ್ಕೇ ತಟ್ಟಿದೆವು.

ಫ್ಯಾಕ್ಟರಿ ಶುರು ಮಾಡಿದ ದಿನಕ್ಕೆ ನೀನು ಬರಲಿಲ್ಲ, ಅದರ ಸೊಬಗು ನೋಡಲಿಲ್ಲ. ವೇದಿಕೆಯ ಸುತ್ತ ಬಣ್ಣದ ದೀಪಗಳ ಸರ. ಮೈಕಿನಲ್ಲಿ ಒಬ್ಬ ‘ಇದೇ ನೋಡಿ, ಕಸದಿಂದ ಹುಟ್ಟಿದ ಮೊದಲ ಬೆಳಕು’ ಎಂದು ಕೂಗಿದ. ಎಲ್ಲರೂ ಎದ್ದು ನಿಂತರು. ನಮ್ಮ ಮನೆಯವರು ದೇವರಾಜು ಟ್ರ್ಯಾಕ್ಟರ್ ನಿಲ್ಲಿಸಲು ಶೆಡ್ಡಿನ ಹಿಂದಕ್ಕೆ ಹೋದವರು ನಗುತ್ತಾ ಬಂದರು. ಹಿಂದೆ ಡೀಸೆಲ್ ಜನರೇಟರ್ ಗುಡುಗುಡು ಎನ್ನುತ್ತಿತ್ತಂತೆ. ಅದರ ಸದ್ದು ಕೇಳದಿರಲಿ ಅಂತ ಬ್ಯಾಂಡಿನವರನ್ನು ಅದರ ಮುಂದೆಯೇ ನಿಲ್ಲಿಸಿದ್ದರಂತೆ. ಕುಲುಮೆಗೆ ಅವತ್ತು ಬೆಂಕಿಯೇ ಹಾಕಿರಲಿಲ್ಲ. ಹೀಗೆ ಹುಟ್ಟಿತು ನಿನ್ನ ಬೆಳಕು. ಊಟಕ್ಕೆ ಮಾತ್ರ ಏನೂ ಕಮ್ಮಿ ಇರಲಿಲ್ಲ. ಮದ್ದೂರಿನಿಂದ ಬುಟ್ಟಿಗಟ್ಟಲೆ ವಡೆ ತರಿಸಿದ್ದರು.

ಮೊದಲ ತಿಂಗಳು ದೇವರಾಜು ತರಗು ಹೊಡೆದದ್ದು ನಿಜ. ಅಕ್ಕಪಕ್ಕದ ಗದ್ದೆಗಳಿಂದ ತುಂಬಿಕೊಂಡು ಹೋಗಿ ಸುರಿದು ಬರುತ್ತಿದ್ದರು. ಆಮೇಲೆ ಇವತ್ತು ಬೇಡ, ನಾಳೆ ಬಾ ಎಂದರು. ಕೊನೆಗೆ ತರಗೇ ಬೇಡ ಎಂದರು. ತರಗಿಗೆ ರೈತರಿಗೆ ದುಡ್ಡು ಕೊಡಬೇಕು. ಪಟ್ಟಣದ ಕಸಕ್ಕೆ ಪಟ್ಟಣದವರೇ ದುಡ್ಡು ಕೊಟ್ಟು ಕಳಿಸುತ್ತಾರೆ. ಇಷ್ಟು ಸಣ್ಣ ಮಾತು ಅರ್ಥವಾಗಲು ನಮಗೆ ಒಂದು ತಿಂಗಳು ಬೇಕಾಯಿತು. ನಿನಗೆ ಮೊದಲೇ ಗೊತ್ತಿತ್ತು. ಈ ಸಂಕ್ರಾಂತಿಯ ಹೊತ್ತಿಗೆ ಬಂದಿದ್ದರೆ ನೀನೇ ನೋಡುತ್ತಿದ್ದೆ: ತರಗು ಸುಡಲೆಂದು ಕಟ್ಟಿದ ಫ್ಯಾಕ್ಟರಿಯ ಕಾಂಪೌಂಡಿಗೆ ತಾಗಿಕೊಂಡೇ ರೈತರು ತಮ್ಮ ತರಗನ್ನು ಗದ್ದೆಯಲ್ಲಿ ಬೆಂಕಿ ಹಚ್ಚಿ ಸುಡುತ್ತಿದ್ದರು. ಒಳಗೊಂದು ಹೊಗೆ, ಹೊರಗೊಂದು ಹೊಗೆ.

ಲಾರಿಗಳಲ್ಲಿ ಬರುವುದು ಎಂಥ ಕಸ ಗೊತ್ತಾ? ನಿನ್ನ ‘ವಿಂಗಡಿಸಿದ ಒಣ ಕಸ’ವನ್ನು ನಾವು ಒಂದು ದಿನವೂ ಕಾಣಲಿಲ್ಲ. ಹೋಟೆಲಿನ ಎಂಜಲು, ಕೋಳಿ ಅಂಗಡಿಯ ಪುಕ್ಕ ಕರುಳು, ಮಕ್ಕಳಿಗೆ ಕಟ್ಟಿ ಬಿಸಾಡಿದ ಡೈಪರ್, ಹಳೆಯ ಚಪ್ಪಲಿ, ವೈರು, ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕೊಳೆತು ನೀರು ಸುರಿಸಿಕೊಂಡು ಬರುತ್ತದೆ. ದಾರಿಯುದ್ದಕ್ಕೂ ಆ ನೀರಿನ ಗೀಟು. ಒದ್ದೆ ಕಸ ಉರಿಯುವುದಿಲ್ಲ, ಅದಕ್ಕೆ ಎಣ್ಣೆ ಸುರಿದು ಉರಿಸುತ್ತಾರೆ. ಕರೆಂಟು ಮಾಡುವುದಕ್ಕೆ ಎಣ್ಣೆ ಸುಡುವ ನಿಮ್ಮ ಜಾಣತನವನ್ನು ನಮ್ಮ ಅಂಗನವಾಡಿಯ ಮಕ್ಕಳಿಗೆ ಹೇಳಿದರೂ ನಗುತ್ತವೆ. ಹೊಗೆ ಸೋಸುವ ಚೀಲಗಳು ಕಟ್ಟಿಕೊಂಡವು ಅಂತ ಅವನ್ನು ಬಿಟ್ಟು ಪಕ್ಕದಿಂದ ಹೊಗೆ ಬಿಡುತ್ತಿದ್ದಾರೆ ಎಂದು ಅಲ್ಲಿ ಕೆಲಸಕ್ಕೆ ಹೋಗುವ ನಮ್ಮ ಹುಡುಗರೇ ಹೇಳುತ್ತಾರೆ.

ಒಮ್ಮೆ ಅಧಿಕಾರಿಗಳು ನೋಡಲು ಬಂದರು. ಹಿಂದಿನ ದಿನವೇ ಕಸದ ಲಾರಿ ನಿಂತಿತು, ಎಲ್ಲಿಂದಲೋ ಒಣಗಿದ ತೆಂಗಿನ ಮಟ್ಟೆ ಬಂತು. ಅವತ್ತು ಚಿಮಣಿಯಿಂದ ಬಂದ ಹೊಗೆ ಇಡ್ಲಿ ಹಬೆಯಷ್ಟು ಬೆಳ್ಳಗಿತ್ತು. ಅಧಿಕಾರಿಗಳು ಕೆಳಗೆ ನಿಂತು ಮೇಲೆ ನೋಡಿದರು, ತಲೆಯಾಡಿಸಿದರು, ಎಳನೀರು ಕುಡಿದರು. ಕೇರಿಯೊಳಕ್ಕೆ ಕಾಲಿಡಲಿಲ್ಲ. ಮಧ್ಯಾಹ್ನ ಕಂಪನಿಯ ಕಾರಿನಲ್ಲೇ ಕೊಕ್ಕರೆ ಬೆಳ್ಳೂರಿಗೆ ಹೋಗಿ ಹಕ್ಕಿ ನೋಡಿಕೊಂಡು ವಾಪಸ್ಸಾದರು. ಪರಿಸರದ ಮೇಲೆ ಅವರಿಗೆ ಅಷ್ಟು ಪ್ರೀತಿ.

ಈಗ ಹುಳದ ಮಾತಿಗೆ ಬರುತ್ತೇನೆ. ಡಿಸೆಂಬರಿನ ಬೆಳೆಗೆ ನಾನು, ಅಮ್ಮ, ಬೆಟ್ಟಮ್ಮ ಒಟ್ಟಿಗೇ ಮರಿ ತಂದಿದ್ದೆವು. ಅಮ್ಮನ ಮಡಿ ನಿನಗೆ ಗೊತ್ತೇ ಇದೆ. ಹುಳ ಕೂತ ಮನೆಯಲ್ಲಿ ಊದುಬತ್ತಿ ಹಚ್ಚುವ ಹಾಗಿಲ್ಲ, ಒಗ್ಗರಣೆ ಘಾಟು ಬರುವ ಹಾಗಿಲ್ಲ. ಅಪ್ಪ ಬೀಡಿ ಸೇದಬೇಕಾದರೆ ಹುಣಸೆಮರ ದಾಟಿ ಆಚೆ ಹೋಗುತ್ತಿದ್ದ, ಬಂದ ಮೇಲೆ ಕೈಬಾಯಿ ತೊಳೆದೇ ಒಳಗೆ. ಬೀಡಿಯ ಹೊಗೆಯೂ ತಾಕಲು ಬಿಡದ ಆ ಹುಳಕ್ಕೆ ಡೈಪರಿನ ಹೊಗೆ ಕುಡಿಸಿದಿರಿ. ಮೂರನೇ ಜ್ವರಕ್ಕೆ ಮಲಗಿ ಪೊರೆ ಬಿಟ್ಟು ಏಳುವವರೆಗೂ ಹುಳ ಚೆನ್ನಾಗಿದ್ದವು. ಅಷ್ಟರಲ್ಲಿ ಮೂಡಲ ಗಾಳಿ ಎದ್ದಿತು. ಬೆಳಿಗ್ಗೆ ಸೊಪ್ಪು ಕೊಯ್ಯಲು ಹೋದರೆ ಹಿಪ್ಪುನೇರಳೆ ಎಲೆಗಳ ಮೇಲೆ ಕಪ್ಪು ಜಿಡ್ಡು, ಬೆರಳಿಗೆ ಹತ್ತುತ್ತಿತ್ತು. ತೊಟ್ಟಿಯಲ್ಲಿ ಎಲೆ ತೊಳೆದು ಸೀರೆಗಳ ಮೇಲೆ ಹರಡಿ ಆರಿಸಿ ಹಾಕಿದೆವು. ಮನೆಯಲ್ಲಿದ್ದ ಸೀರೆಗಳೆಲ್ಲ ಕಲೆಯಾದವು.

ಆಗ ಅಮ್ಮ ಫ್ಯಾಕ್ಟರಿಗೆ ಹೋದಳು. ನಾನು ಬೇಡ ಎಂದೆ. ‘ನೀ ಸುಮ್ಕಿರು ಕಣಮ್ಮ, ಅಲ್ಲಿ ಇರೋರೆಲ್ಲ ನಮ್ಮ ಅಂಬರೀಸನ ಕೈಕೆಳಗ್ನೋರು, ನಾ ಯೋಳಿದ್ರೆ ಕೇಳ್ತಾರೆ’ ಎಂದಳು. ಗಗನಳ ನಾಮಕರಣಕ್ಕೆ ನೀನು ತಂದುಕೊಟ್ಟ ಹಸಿರು ಸೀರೆ ಉಟ್ಟುಕೊಂಡು ಹೋದಳು. ಮ್ಯಾನೇಜರ್ ಪ್ರೀತಂ ಎಂಬುವನಿದ್ದಾನಲ್ಲ, ಎಲ್ಲದಕ್ಕೂ ಹಲ್ಲು ಬಿಡುವ ಹುಡುಗ, ಅವನು ಕುರ್ಚಿ ಹಾಕಿ ಕೂರಿಸಿ ಟೀ ಕೊಟ್ಟನಂತೆ. ‘ಇನ್ನೊಂದು ಜ್ವರ ಏಳ್ಬೇಕು, ಉಳ ಅಣ್ಣಾಗಿ ಗೂಡ್ ಕಟ್ಟೋಗಂಟ ಆ ಬೆಂಕಿ ಆರ್ಸಪ್ಪ, ಆಮೇಲೆ ಏನಾರಾ ಮಾಡ್ಕೊ’ ಎಂದು ಅಮ್ಮ ಕೇಳಿದಳಂತೆ. ‘ನೀವು ಸಾರ್ ತಾಯಿ, ನಿಮ್ಮ ಮಾತು ಮೀರ್ತೀವಾ ಅಜ್ಜಿ’ ಎಂದು ಒಂದು ಬ್ಯಾಗಿನಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಟ್ಟು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಅಮ್ಮ ಡಬ್ಬಿ ಹಿಡಿದುಕೊಂಡು ನಗುನಗುತ್ತಾ ಬಂದಳು. ಮಾರನೆಯ ಬೆಳಿಗ್ಗೆ ಲಾರಿಗಳು ಇನ್ನೂ ಜಾಸ್ತಿ ಬಂದವು.

ನಾಲ್ಕನೇ ಜ್ವರ ಎದ್ದ ಹುಳ ಹೇಗೆ ತಿನ್ನಬೇಕು ಎಂದು ನಿನಗೆ ನಾನು ಬರೆಯಬೇಕಾಗಿಲ್ಲ. ಅವು ತಿನ್ನಲಿಲ್ಲ. ಸೊಪ್ಪಿನ ಮೇಲೆ ಹತ್ತಿ ತಲೆ ಎತ್ತಿಕೊಂಡು ಹಾಗೇ ನಿಂತವು. ಆಮೇಲೆ ಹಸಿರು ನೀರು ಕಕ್ಕಿ ಸುಕ್ಕಾದವು. ಅಮ್ಮ ಒಂದೊಂದು ತಟ್ಟೆಗೂ ಬಗ್ಗಿ, ಬದುಕಿದ್ದನ್ನು ಆರಿಸಿ ಬೇರೆ ತಟ್ಟೆಗೆ ಹಾಕುತ್ತಿದ್ದಳು. ಆ ತಟ್ಟೆಯದ್ದೂ ಸತ್ತವು. ಹಿತ್ತಲಲ್ಲಿ ಗುಂಡಿ ತೆಗೆದು ಸುಣ್ಣ ಹಾಕಿ ಎಲ್ಲ ಮುಚ್ಚಿದೆವು. ಬೆಟ್ಟಮ್ಮನ ಮನೆಯದ್ದೂ ಹೋಯಿತು, ಕೇರಿಯಲ್ಲಿ ಯಾರ ಮನೆಯ ಬಿದಿರಿನ ಚಂದ್ರಿಕೆಯ ಮೇಲೂ ಒಂದು ಗೂಡು ಕಟ್ಟಲಿಲ್ಲ. ಪ್ರೀತಂನನ್ನು ಕೇಳಿದ್ದಕ್ಕೆ, ‘ಹುಳ ಸಾಯೋದು ಹವಾಮಾನದಿಂದ ಮೇಡಂ’ ಎಂದ. ರೇಷ್ಮೆಹುಳ ಯಾವ ಬಣ್ಣ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ ಆ ಮಹಾಶಯನಿಗೆ.

ಅದರ ಮುಂದಿನ ವಾರ ಫ್ಯಾಕ್ಟರಿಯ ಗೇಟಿನಲ್ಲಿ ಫ್ಲೆಕ್ಸು ಎದ್ದಿತು. ಅಮ್ಮನ ಮುಖ, ಹಸಿರು ಸೀರೆ, ಕೈಯಲ್ಲಿ ಡಬ್ಬಿ, ತಲೆಯ ಮೇಲೆ ಚಿಮಣಿ. ಕೆಳಗೆ ‘ಸ್ಥಳೀಯ ರೈತ ಮಹಿಳೆಯರ ಆಶೀರ್ವಾದ’ ಎಂದು ಬರೆದಿತ್ತು. ನಮ್ಮ ಹೆಂಗಸರು ಬಸ್ಸಿಗೆ ಹೋಗುತ್ತಾ ನೋಡಿದರು, ನಮ್ಮ ಮನೆಗೆ ಬರುವುದನ್ನು ಕಮ್ಮಿ ಮಾಡಿದರು. ಬೆಟ್ಟಮ್ಮ ಮಾತ್ರ ಬಂದು, ‘ಏನಕ್ಕ, ನಮ್ ಮನೆ ಉಳ ಸಾಯ್ಲಿ ಅಂತ ಆಸೀರ್ವಾದ ಮಾಡ್ದಾ?’ ಎಂದು ಮುಖದ ಮೇಲೆ ಕೇಳಿದಳು. ಅಮ್ಮ ದೇವರಾಜುವನ್ನು ಕರೆದುಕೊಂಡು ನಡುಹಗಲಲ್ಲಿ ಗೇಟಿಗೆ ಹೋಗಿ, ವಾಚ್‌ಮನ್ ನೋಡುತ್ತಿರುವಾಗಲೇ ಫ್ಲೆಕ್ಸಿನ ಹಗ್ಗ ಕುಯ್ಯಿಸಿ ಸುತ್ತಿಕೊಂಡು ಬಂದಳು. ಈಗ ಅದು ಹುಲ್ಲಿನ ಮೆದೆಯ ಮೇಲಿದೆ, ಬರಹ ಕೆಳಗಾಗಿ. ಇಬ್ಬನಿಯನ್ನು ಚೆನ್ನಾಗಿ ತಡೆಯುತ್ತದೆ. ನಿನ್ನ ಕಂಪನಿಯಿಂದ ನಮಗೆ ಉಪಯೋಗಕ್ಕೆ ಬಂದ ವಸ್ತು ಅಂತ ಇದ್ದರೆ ಅದೊಂದೇ.

ನಾನೂ ಬೆಟ್ಟಮ್ಮನೂ ಮಂಡ್ಯದ ಪರಿಸರದ ಆಫೀಸಿಗೆ ದೂರು ಕೊಡಲು ಹೋದೆವು. ಅಲ್ಲಿದ್ದವರು ಓದಿ, ‘ಹುಳ ಸತ್ತವು ಅಂತೀರಲ್ಲಮ್ಮ, ನಿಮ್ಮ ಕಡೆ ರೇಷ್ಮೆ ಸಾಕೋರೇ ಇಲ್ವಲ್ಲ. ಸಭೇಲೇ ಹೇಳಿದ್ದಾರೆ’ ಎಂದರು. ಯಾರು ಹೇಳಿದ್ದು ಎಂದೆ. ‘ನಿಮ್ಮೂರೋರೇ. ಅಂಬರೀಶ್ ಅಂತ. ಇಂಗ್ಲಿಷಲ್ಲಿ ವಿವರವಾಗಿ ಹೇಳಿದ್ರು, ನೀವೆಲ್ಲ ಚಪ್ಪಾಳೆ ತಟ್ಟಿದ್ರಲ್ಲ’ ಎಂದರು. ಬೆಟ್ಟಮ್ಮ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಅಮ್ಮನಿಗೆ ಹೇಳಿದರೆ ಅವಳು ನಂಬಲಿಲ್ಲ ಕಣೋ ಅಣ್ಣಾ. ‘ಇಂಗ್ಲೀಸ್ನಲ್ಲಿ ಅವ್ನು ಬ್ಯಾರೆ ಏನೋ ಯೋಳಿರ್ತಾನೆ, ಅವ್ರಿಗೆ ಅರ್ತ ಆಗಿರಕ್ಕಿಲ್ಲ’ ಎಂದಳು. ‘ಉಳ ಇಲ್ಲ ಅಂತ ಅವ್ನ್ ಬಾಯಲ್ಲಿ ಬಂದಾತಾ? ಅವ್ನು ಓದಿದ್ದೇ ಗೂಡು ಮಾರಿದ್ ದುಡ್ಡಲ್ಲಿ’ ಎಂದಳು. ನಾನು ನಿನಗೆ ಫೋನು ಮಾಡಿದೆ, ಅಮ್ಮನೂ ಮಾಡಿಸಿದಳು. ನೀನು ಎತ್ತಿ ‘ಹೇಳಿಲ್ಲ’ ಎಂದು ಸುಳ್ಳು ಹೇಳಿದ್ದರೂ ಅವಳು ನಂಬುತ್ತಿದ್ದಳು. ಅಷ್ಟು ಮಾಡುವ ಧೈರ್ಯವೂ ನಿನಗಿರಲಿಲ್ಲ.

ಹೋದ ಬುಧವಾರ ಎರಡನೇ ಸಭೆ ನಡೆಯಿತು. ಇರುವ ಕುಲುಮೆ ಸಾಲದು, ಇನ್ನೊಂದು ಕಟ್ಟುತ್ತೇವೆ ಎಂದು ಕಂಪನಿಯವರು ಅರ್ಜಿ ಹಾಕಿದ್ದಾರಲ್ಲ, ಅದಕ್ಕೆ. ನೀನು ಬರುತ್ತೀಯ ಎಂದು ಅಮ್ಮ ಹಿಂದಿನ ದಿನ ಬಸ್ಸಾರು ಮಾಡಿ ಇಟ್ಟಿದ್ದಳು. ನೀನು ಬರಲಿಲ್ಲ, ನಿನ್ನ ವಿಡಿಯೋ ಬಂತು. ದೊಡ್ಡ ಟೀವಿ ತಂದಿಟ್ಟರು. ಕೋಟು ಹಾಕಿಕೊಂಡು, ಹಿಂದೆ ಗಾಜಿನ ಬೀರು, ‘ನಾನು ಈ ಮಣ್ಣಿನ ಮಗ’ ಎಂದು ಶುರು ಮಾಡಿದೆ. ಮಣ್ಣು ಮೆಟ್ಟಿ ಎಷ್ಟು ಕಾಲವಾಯಿತು ಅಂತ ಅದನ್ನು ನೋಡುತ್ತಿದ್ದವರಿಗೆಲ್ಲ ಗೊತ್ತಿತ್ತು. ಈ ಸಲ ಬಂದ ಹೊಸ ಅಧಿಕಾರಿ ಒಬ್ಬರು ಹೆಂಗಸು, ಕನ್ನಡದಲ್ಲೇ ನಡೆಯಬೇಕು ಎಂದು ಹೇಳಿದ್ದರಂತೆ. ಅದಕ್ಕೆ ನೀನೂ ಕನ್ನಡದಲ್ಲೇ ಹೇಳಿದೆ: ‘ಈ ಭಾಗದಲ್ಲಿ ರೇಷ್ಮೆ ಸಾಕಣೆ ನಿಂತು ವರ್ಷಗಳೇ ಆಗಿವೆ. ನನ್ನದೇ ಊರು, ನನ್ನದೇ ಮನೆ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?’

ನಾನು ಅಮ್ಮನ ಪಕ್ಕದಲ್ಲೇ ಕೂತಿದ್ದೆ. ಅವಳು ಅಳಲಿಲ್ಲ, ಬಾಯಿಗೆ ಸೆರಗು ಹಚ್ಚಲಿಲ್ಲ. ಆಮೇಲೆ ನನ್ನ ಭುಜ ಹಿಡಿದುಕೊಂಡು ಎದ್ದಳು, ಮಂಡಿ ನೋವಿನಲ್ಲಿ ಕಾಲೆಳೆಯುತ್ತಾ ಮೈಕಿನ ಹತ್ತಿರ ಹೋದಳು. ಪ್ರೀತಂ ಓಡಿಬಂದು, ‘ಅಜ್ಜಿ, ಆಮೇಲೆ ಮಾತಾಡೋರಂತೆ ಬನ್ನಿ’ ಎಂದು ತೋಳು ಹಿಡಿದ. ‘ಕೈ ಬುಡ್ಲಾ’ ಎಂದಳು, ಅಷ್ಟೇ. ಅವನು ಬಿಟ್ಟ.

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಒಂದು ಅಕ್ಷರ ಕೂಡಿಸಿಲ್ಲ: ‘ತಾಯಿ, ಆ ಟೀವಿಲಿ ಮಾತಾಡ್ದೋನು ನನ್ ಮಗ ಕಣವ್ವ. ನನ್ನೊಟ್ಟೇಲಿ ಉಟ್ದೋನು. ಅವ್ನು ಯೋಳ್ತಾ ಇರೋದು ಸುಳ್ಳು. ಉಳ ನಾನೇ ಸಾಕ್ತಿವ್ನಿ. ಅವ್ರಪ್ಪ ಇದ್ದಾಗ್ಲೂ ಸಾಕ್ತಿದ್ದೊ, ಓದ್ ಬೆಳೆಗಂಟ ಸಾಕಿವ್ನಿ. ಇವ್ರ್ ಒಗೆ ಕುಡ್ದು ಎಲ್ಲ ಸತ್ತೋದೊ. ಬರ್ಕೊಳ್ರವ್ವ.’ ಆ ಅಧಿಕಾರಿ ಪೆನ್ನು ಹಿಡಿದುಕೊಂಡು, ‘ಅಜ್ಜಿ, ಇದು ನಿಮ್ಮ ಮಗನ ಮೇಲೆ ಹೇಳಿಕೆ ಆಗುತ್ತೆ, ಯೋಚನೆ ಮಾಡಿ’ ಎಂದು ಮೆತ್ತಗೆ ಹೇಳಿದರು. ‘ಯಾರ್ ಮ್ಯಾಲಾರಾ ಆಗ್ಲಿ, ನೀವ್ ಬರ್ಕೊಳ್ಳಿ’ ಎಂದಳು ಅಮ್ಮ. ಹೆಬ್ಬೆಟ್ಟು ಒತ್ತಲು ಕೊಟ್ಟರೆ ಬೇಡ ಎಂದು, ನೀನೇ ಹೈಸ್ಕೂಲಿನಲ್ಲಿರುವಾಗ ಕಲಿಸಿದ ಸೊಟ್ಟ ಅಕ್ಷರದಲ್ಲಿ ಪಟ್ಟಲಮ್ಮ ಎಂದು ಸಹಿ ಮಾಡಿದಳು. ಮೊದಲು ಎದ್ದವಳು ಬೆಟ್ಟಮ್ಮ. ಅವಳ ಹಿಂದೆ ಕೇರಿಯ ಹೆಂಗಸರೆಲ್ಲ ಎದ್ದು ಮೈಕಿಗೆ ಸಾಲು ನಿಂತರು. ಮೇಲಿನ ಬೀದಿಯ ಯಜಮಾನರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಅವರ ತೆಂಗಿನ ತೋಟ ದೂರ ಇದೆ, ಪಾಪ.

ಅಧಿಕಾರಿ ಅವತ್ತೇ ಸಂಜೆ ಕೇರಿಯೊಳಗೆ ನಡೆದು ಬಂದರು. ಹುಳದ ಮನೆ ನೋಡಿದರು, ಖಾಲಿ ತಟ್ಟೆ ನೋಡಿದರು, ತೋಟಕ್ಕೆ ಹೋಗಿ ಎಲೆ ಒರೆಸಿ ಬೆರಳು ನೋಡಿಕೊಂಡರು. ಹಿತ್ತಲಿನ ಗುಂಡಿಯ ಫೋಟೋ ತೆಗೆದುಕೊಂಡರು. ಎರಡನೇ ಕುಲುಮೆಯ ಅರ್ಜಿ ನಿಂತಿದೆ. ಹೊಸದಾಗಿ ವಿಚಾರಣೆ ಮುಗಿಯುವ ತನಕ ಪಟ್ಟಣದ ಕಸ ಬರಕೂಡದು ಎಂದು ಆದೇಶ ಆಗಿದೆ. ಮೂರು ದಿನದಿಂದ ಲಾರಿ ಬಂದಿಲ್ಲ. ಚಿಮಣಿಯಲ್ಲಿ ಹೊಗೆ ಇಲ್ಲ. ಮತ್ತೆ ಬರುತ್ತವೆ ಎಂದು ನನಗೆ ಗೊತ್ತು. ನಿನ್ನಂಥವರು ಇನ್ನೂ ಎಷ್ಟೋ ಜನ ಕೋಟು ಹಾಕಿಕೊಂಡು ಕಾದಿರುತ್ತಾರೆ. ಬಂದರೆ ದಾರಿಗೆ ಅಡ್ಡ ಮಲಗುವುದು ಎಂದು ಹೆಂಗಸರು ಮಾತಾಡಿಕೊಂಡಿದ್ದೇವೆ. ಬೆಟ್ಟಮ್ಮ ಈಗ ದಿನವೂ ಸಂಜೆ ಬಂದು ಅಮ್ಮನ ಮಂಡಿಗೆ ಎಣ್ಣೆ ತಿಕ್ಕಿ ಹೋಗುತ್ತಾಳೆ. ತೋಟಕ್ಕೆ ಒಂದು ಕಟಾವು ಹೊಡೆದು ಬಿಟ್ಟಿದ್ದೇವೆ, ಹೊಸ ಚಿಗುರು ಬರುತ್ತಿದೆ. ಯುಗಾದಿ ಕಳೆದ ಮೇಲೆ ಸ್ವಲ್ಪ ಮರಿ ತಂದು ನೋಡೋಣ ಎನ್ನುತ್ತಾಳೆ ಅಮ್ಮ.

ನೀನು ಕಂಪನಿಗೆ ದುಡಿಯುತ್ತೀಯ, ಸಂಬಳಕ್ಕೆ ತಕ್ಕಂತೆ ಮಾತಾಡಬೇಕು, ಅದು ನನಗೂ ಅರ್ಥವಾಗುತ್ತದೆ. ಫ್ಯಾಕ್ಟರಿ ಒಳ್ಳೆಯದು ಎಂದಿದ್ದರೆ ಜಗಳ ಆಡುತ್ತಿದ್ದೆ, ಆಮೇಲೆ ಮರೆಯುತ್ತಿದ್ದೆ. ಆದರೆ ಅಮ್ಮ ಬದುಕಿರುವಾಗಲೇ, ಅವಳು ಮಾಡುವ ಕೆಲಸವೇ ಇಲ್ಲ ಎಂದುಬಿಟ್ಟೆಯಲ್ಲ. ನಿನ್ನ ಮೇಲೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಸಿಟ್ಟಾದರೂ ಒಂದು ದಿನ ಇಳಿಯುತ್ತದೆ. ಟೀವಿಯಲ್ಲಿ ನಿನ್ನನ್ನು ನೋಡುವಾಗ ನನಗೆ ಅಸಹ್ಯವಾಯಿತು. ಅಷ್ಟೇ ಹೇಳುವುದಿತ್ತು.

ಅತ್ತಿಗೆಗೆ ನಮಸ್ಕಾರ ತಿಳಿಸು, ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಗಗನಳಿಗೆ ಅತ್ತೆಯ ಮುತ್ತು. ರಜೆಗೆ ಬರಬೇಕು ಎಂದರೆ ಅವಳಿಗೆ ಈ ಮನೆಯ ಬಾಗಿಲು ಯಾವತ್ತೂ ತೆಗೆದಿರುತ್ತದೆ, ಕರು ತೋರಿಸುತ್ತೇನೆ. ಸೊಂಟ ನೋಡಿಕೋ. ಭಾರ ಎತ್ತಬೇಡ.

ನಿನ್ನ ತಂಗಿ,
ನಾಗಶ್ರೀ

ಮರೆತೆ — ಕಾಗದ ಮಡಿಸುವಾಗ ನೆನಪಾಯಿತು, ಇದೇ ಮುಖ್ಯ. ಮುಂದಿನ ವಿಚಾರಣೆಗೆ ನೀನೇ ಖುದ್ದಾಗಿ ಬಂದು ಹೇಳಿಕೆ ಕೊಡಬೇಕು ಎಂದು ನಿನ್ನ ಹೆಸರಿಗೆ ನೋಟೀಸು ಹೊರಟಿದೆ. ಕಂಪನಿಯವರು ನಿನ್ನ ವಿಳಾಸ ತಮಗೆ ತಿಳಿಯದು ಎಂದು ಕೈ ತೊಳೆದುಕೊಂಡರು. ವಿಳಾಸ ಕೊಟ್ಟದ್ದು ಅಮ್ಮ. ನಿನ್ನ ಮನೆಯ ಗೃಹಪ್ರವೇಶದ ಕಾರ್ಡು ಟ್ರಂಕಿನಿಂದ ತೆಗೆಸಿ ಅಧಿಕಾರಿಯ ಕೈಗೆ ಅವಳೇ ಕೊಟ್ಟಳು. ಕೊಡುವಾಗ, ‘ಆಪೀಸಿಗೆ ಕಳಿಸ್ಬ್ಯಾಡಿ ಕಣವ್ವ, ಅಲ್ಲಿ ನಾಕ್ ಜನದ್ ಮುಂದೆ ನನ್ ಮಗನ್ ಮರ್ವಾದೆ ಓಯ್ತದೆ, ಮನೆಗೇ ಕಳ್ಸಿ’ ಎಂದು ಕೇಳಿಕೊಂಡಳು. ಮನೆಗೇ ಬರುತ್ತದೆ. ಬಾಗಿಲು ತೆಗಿ.